ಬ್ಯಾಟು ಮತ್ತು ಬಲಿಪೀಠ



ಕಳೆದ ತಪಸ್ಸುಕಾಲದಲ್ಲಿ ನನ್ನಿಂದ ಒಂದು ತಪ್ಪಾಯಿತು. ಅದನ್ನು ಮೊದಲು ಒಪ್ಪಿಕೊಂಡು ಮುಂದಿನ ಮಾತಿಗೆ ಬರುತ್ತೇನೆ.

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಬಂಡೀಪುರದ ಕಡೆಗೆ ಹೋದರೆ ಕಾಡು ಸೇರುವ ಮುಂಚೆ ಹಂಗಳ ಸಿಗುತ್ತದೆ. ಅಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ನೇರ ಹೋದರೆ ಬಂಡೀಪುರ, ಮುದುಮಲೈ, ಆಮೇಲೆ ಊಟಿ. ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿಯ ಕೆಲವು ಕುಟುಂಬಗಳಿಗಾಗಿ ಒಂದು ಮನೆಯ ಪಡಸಾಲೆಯಲ್ಲಿ ಬಲಿಪೂಜೆ ಅರ್ಪಿಸುತ್ತೇನೆ. ಆ ಭಾನುವಾರ ಹುಡುಗರ ಸಾಲು ಖಾಲಿಯಿತ್ತು. ಕಿಟಕಿಯಾಚೆ ಬಯಲಿನಿಂದ ಚೆಂಡು ಬಡಿದ ಸದ್ದು, ಕೂಗು. ನನಗೆ ಸಿಟ್ಟು ಬಂತು. ಪ್ರಬೋಧನೆಯಲ್ಲಿ ಸಿದ್ಧಪಡಿಸಿಕೊಂಡದ್ದನ್ನು ಬಿಟ್ಟು, ದೇವರನ್ನು ಬಿಟ್ಟು ಚೆಂಡಿನ ಹಿಂದೆ ಓಡುವವರ ಬಗ್ಗೆ ಹತ್ತು ನಿಮಿಷ ಬೈದೆ. ಹೆಸರು ಹೇಳಲಿಲ್ಲ. ಆದರೆ ಇಪ್ಪತ್ತೈದು ಜನ ಕೂತ ಪಡಸಾಲೆಯಲ್ಲಿ ಹೆಸರು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಅವನೊಬ್ಬನೇ. ಪಿಯುಸಿ ಓದುತ್ತಿದ್ದ ಹುಡುಗ, ಊರ ತಂಡಕ್ಕೆ ಆರಂಭದ ಬ್ಯಾಟುಗಾರ, ಅದಕ್ಕೂ ಹಿಂದೆ ಮೂರು ವರ್ಷ ನನ್ನ ಪೀಠಬಾಲಕ.

ಅಂದು ಸಂಜೆಯೇ ಅವನ ತಂದೆ ಬ್ಯಾಟನ್ನು ಕಿತ್ತುಕೊಂಡು ಅಟ್ಟದ ಮೇಲೆ ಎಸೆದರು. "ಸ್ವಾಮ್ಗಳೇ ಹೇಳವ್ರೆ, ಇನ್ನೊಂದ್ಸಲ ಮುಟ್ಟಿದ್ರೆ ಒಲೆಗೆ ಹಾಕ್ತೀನಿ" ಎಂದರಂತೆ. ಹುಡುಗ ಆಟ ಬಿಟ್ಟ. ಬಲಿಪೂಜೆಗೂ ಬರಲಿಲ್ಲ. ಪಾಸ್ಖ ಹಬ್ಬ ಕಳೆಯಿತು, ಪೆಂತೆಕೋಸ್ತ್ ಕಳೆಯಿತು. ನನ್ನ ಮಾತಿನ ಫಲ ಇಷ್ಟು!

ಆಷಾಢದಲ್ಲಿ, ಹೊಲಗಳಲ್ಲಿ ಚೆಂಡುಹೂ ಅರಳಿ ರಸ್ತೆಯ ಎರಡೂ ಬದಿ ಹಳದಿಯಾಗಿದ್ದ ಕಾಲದಲ್ಲಿ, ಒಂದು ಸಂಜೆ ಅವರ ಮನೆಗೆ ಹೋದೆ. ತಂದೆ ಕುರ್ಚಿ ಹಾಕಿದರು. ತಾಯಿ ಬಾಗಿಲ ಬಳಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಹುಡುಗ ಗೋಡೆಗೆ ಒರಗಿ ನಿಂತಿದ್ದ. ಏನು ಮಾತಾಡಬೇಕೋ ತೋಚದೆ, ಮನೆಯ ಮುಂದಿನ ಅದೇ ಊಟಿ ರಸ್ತೆಯನ್ನು ನೋಡುತ್ತಾ ಒಂದು ಕಥೆ ಹೇಳಿದೆ. ಕಥೆಯಲ್ಲ, ನಡೆದದ್ದು. ನಿಮಗೂ ಹೇಳುತ್ತೇನೆ.

1900ರಿಂದ 1906ರವರೆಗೆ ಚಾರ್ಲ್ಸ್ ಥಾಮಸ್ ಸ್ಟಡ್ ಎಂಬ ಇಂಗ್ಲಿಷ್ ಬೋಧಕರೊಬ್ಬರು ಹೆಂಡತಿ ಮಕ್ಕಳೊಂದಿಗೆ ಭಾರತದಲ್ಲಿದ್ದರು. ಮೊದಲು ಬಿಹಾರದ ತಿರ್ಹುತ್, ಆಮೇಲೆ ಊಟಿ. ಊಟಿಯ ಒಂದು ಸ್ವತಂತ್ರ ಪ್ರೊಟೆಸ್ಟೆಂಟ್ ಸಭೆಗೆ ಪಾಲಕರಾಗಿದ್ದರು. ನಮ್ಮ ಧರ್ಮಸಭೆಯವರಲ್ಲ, ನಮ್ಮ ಅರ್ಥದ ಗುರುದೀಕ್ಷೆ ಪಡೆದವರೂ ಅಲ್ಲ. ಆದರೆ ಹೊರಗಿನ ಕ್ರೈಸ್ತ ಸಹೋದರರಲ್ಲಿ ಪವಿತ್ರಾತ್ಮರು ಮಾಡಿದ ಕೆಲಸವನ್ನು ಕಂಡು ಸಂತೋಷಪಡಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ನಮಗೆ ಕಲಿಸಿದೆ. ಊಟಿಯ ಚಳಿಯಲ್ಲಿ ಆಸ್ತಮಾದಿಂದ ನರಳುತ್ತಿದ್ದ ಈ ಮನುಷ್ಯ ಇಪ್ಪತ್ತು ವರ್ಷ ಹಿಂದೆ ಇಂಗ್ಲೆಂಡಿನ ಅತ್ಯುತ್ತಮ ಕ್ರಿಕೆಟ್ ಆಟಗಾರರಲ್ಲಿ ಒಬ್ಬರು.

1860ರಲ್ಲಿ ಹುಟ್ಟಿದ ಸ್ಟಡ್ ಅವರ ಅಣ್ಣಂದಿರಾದ ಕೈನಾಸ್ಟನ್, ಜಾರ್ಜ್ ಕೂಡ ಆಟಗಾರರೇ. 1882ರಿಂದ 1884ರವರೆಗೆ ವರ್ಷಕ್ಕೊಬ್ಬರಂತೆ ಮೂವರೂ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ತಂಡಕ್ಕೆ ನಾಯಕರಾದರು. ಚಾರ್ಲ್ಸ್ 1882ರಲ್ಲೂ 1883ರಲ್ಲೂ ಒಂದೇ ಋತುವಿನಲ್ಲಿ ಸಾವಿರ ರನ್ ಮತ್ತು ನೂರು ವಿಕೆಟ್ ಗಳಿಸಿದರು. 1882ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ ಆಸ್ಟ್ರೇಲಿಯದ ವಿರುದ್ಧ ಆಡಿದ ಇಂಗ್ಲೆಂಡ್ ತಂಡದಲ್ಲಿ ಇವರೂ ಇದ್ದರು. ಗೆಲ್ಲಲು ಬೇಕಿದ್ದದ್ದು ಬರೀ 85 ರನ್. ತಂಡ 77ಕ್ಕೆ ಮುಗಿಯಿತು, ಏಳು ರನ್ನಿನ ಸೋಲು. ಅಷ್ಟು ಹೆಸರಾಂತ ಬ್ಯಾಟುಗಾರ ಸ್ಟಡ್ ಅವರನ್ನು ಅದೇಕೋ ಹತ್ತನೆಯವರಾಗಿ ಕಳಿಸಿದ್ದರು. ಒಂದು ಚೆಂಡನ್ನೂ ಎದುರಿಸದೆ ಇನ್ನೊಂದು ತುದಿಯಲ್ಲಿ ನಿಂತು ಅವರು ಸೋಲು ನೋಡಿದರು. ಈಗ ಎಲ್ಲರೂ ಹೇಳುವ 'ಆಶಸ್' ಎಂಬ ಹೆಸರು ಹುಟ್ಟಿದ್ದೇ ಆ ಪಂದ್ಯದಿಂದ. ಇಲ್ಲಿಗೆ ಬಂದಾಗ ಗೋಡೆಗೆ ಒರಗಿದ್ದ ಹುಡುಗ ನಿಧಾನಕ್ಕೆ ಬಂದು ಕೆಳಗೆ ಕೂತ.

ಮುಂದಿನ ವರ್ಷ ಅಣ್ಣ ಜಾರ್ಜ್ ಕಾಯಿಲೆ ಬಿದ್ದು ಸಾವಿನಂಚಿಗೆ ಹೋದರು. ಹಾಸಿಗೆಯ ಪಕ್ಕದಲ್ಲಿ ಕೂತ ಚಾರ್ಲ್ಸ್‌ಗೆ, ಈ ಚಪ್ಪಾಳೆ ಈ ಹೆಸರು ಈಗ ಅಣ್ಣನಿಗೆ ಏನು ಕೊಡಬಲ್ಲದು ಎಂಬ ಪ್ರಶ್ನೆ ಎದ್ದಿತು. ಅಣ್ಣ ಬದುಕಿದರು, ಪ್ರಶ್ನೆ ಉಳಿಯಿತು. 1885ರ ಫೆಬ್ರವರಿಯಲ್ಲಿ, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಕ್ರಿಕೆಟ್ಟಿನ ಆ ವೈಭವವನ್ನು ಬಿಟ್ಟು ಆರು ಗೆಳೆಯರೊಂದಿಗೆ ಧರ್ಮಪ್ರಚಾರಕ್ಕಾಗಿ ಚೀನಾಕ್ಕೆ ಹಡಗು ಹತ್ತಿದರು. 'ಕೇಂಬ್ರಿಡ್ಜಿನ ಏಳು ಮಂದಿ' ಎಂದು ಇಂಗ್ಲೆಂಡಿನಲ್ಲೆಲ್ಲ ಸುದ್ದಿಯಾಯಿತು. ಈಗಿನ ಕಾಲದಲ್ಲಿ ಭಾರತ ತಂಡದ ಆಟಗಾರನೊಬ್ಬ ಎಲ್ಲ ಬಿಟ್ಟು ಗುರುಮಠದ ಬಾಗಿಲು ತಟ್ಟಿದರೆ ಹೇಗಿರುತ್ತದೋ ಹಾಗೆ.

ಚೀನಾದಲ್ಲಿದ್ದಾಗಲೇ ತಂದೆಯ ಆಸ್ತಿಯಲ್ಲಿ ಅವರ ಪಾಲು ಕೈಸೇರಿತು; ಆ ಕಾಲಕ್ಕೆ ಅದು ಬಹು ದೊಡ್ಡ ಸಂಪತ್ತು. ಹೆಚ್ಚು ಭಾಗವನ್ನು ಅನಾಥರಿಗೆ, ಬಡವರ ಸೇವೆಗೆ, ಧರ್ಮಪ್ರಚಾರಕ್ಕೆ ಹಂಚಿಬಿಟ್ಟರು. ಉಳಿದ ಸ್ವಲ್ಪವನ್ನು ಮದುವೆಯಾಗಲಿದ್ದ ಪ್ರಿಸಿಲ್ಲಾ ಎಂಬ ಧರ್ಮಪ್ರಚಾರಕಿಯ ಹೆಸರಿಗೆ ಇಟ್ಟಾಗ ಆಕೆ, ಯೇಸುಸ್ವಾಮಿ ಆ ಐಶ್ವರ್ಯವಂತ ಯುವಕನಿಗೆ ಹೇಳಿದ್ದೇನು, ಸ್ವಲ್ಪ ಇಟ್ಟುಕೋ ಎಂದರೇ ಎಂದು ಕೇಳಿ ಅದನ್ನೂ ಕೊಡಿಸಿದರಂತೆ. (ಒಂದು ಮಾತು ಇಲ್ಲಿ ಹೇಳದಿದ್ದರೆ ರೈತರ ನಡುವೆ ಇರುವ ನನಗೆ ಸಮಾಧಾನವಿಲ್ಲ. ಆ ಆಸ್ತಿ ಬಂದದ್ದು ತಂದೆ ತಿರ್ಹುತಿನಲ್ಲಿ ನಡೆಸಿದ ನೀಲಿ ತೋಟಗಳಿಂದ. ನೀಲಿ ಬೆಳೆಸಲು ಬಿಹಾರದ ರೈತರನ್ನು ಹೇಗೆ ಹಿಂಡಿದರೆಂಬುದು 1917ರಲ್ಲಿ ಗಾಂಧೀಜಿ ಚಂಪಾರಣಕ್ಕೆ ಹೋದಾಗ ಲೋಕಕ್ಕೆಲ್ಲ ತಿಳಿಯಿತು. ದಾನ ದೊಡ್ಡದೇ. ಆದರೆ ಅದರಲ್ಲಿ ಬೆವರು ಯಾರದೆಂಬುದನ್ನು ಮರೆಯಬಾರದು.)

ಚೀನಾದಲ್ಲಿ ಸುಮಾರು ಹತ್ತು ವರ್ಷ, ಊಟಿ, ಮತ್ತೆ ಇಂಗ್ಲೆಂಡ್. 1908ರಲ್ಲಿ ಲಿವರ್‌ಪೂಲ್ ನಗರದ ಒಂದು ಬಾಗಿಲ ಮೇಲೆ ಆಫ್ರಿಕಕ್ಕೆ ಧರ್ಮಪ್ರಚಾರಕರು ಬೇಕೆಂಬ ವಿಚಿತ್ರ ಒಕ್ಕಣೆಯ ಜಾಹೀರಾತನ್ನು ಕಂಡರು. 1913ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ಆರೋಗ್ಯ ಕೆಟ್ಟಿದ್ದರೂ ಕಾಂಗೋ ದೇಶದ ಕಾಡಿಗೆ ಹೊರಟರು. ನಡುವೆ ಒಮ್ಮೆ ಬಂದು 1916ರಲ್ಲಿ ಮತ್ತೆ ಹೋದವರು ಹಿಂದಿರುಗಲಿಲ್ಲ. 1931ರಲ್ಲಿ ಇಬಾಂಬಿ ಎಂಬ ಹಳ್ಳಿಯಲ್ಲಿ ತೀರಿಕೊಂಡರು.

ಇಷ್ಟು ಹೇಳಿ, ನೋಡಪ್ಪ, ದೇವರಿಗಾಗಿ ಬ್ಯಾಟನ್ನು ಕೆಳಗಿಟ್ಟವರು ಎಂಥವರು ಎಂಬಂತೆ ಹುಡುಗನ ಮುಖ ನೋಡಿದೆ. ಅವನು ಏನೂ ಹೇಳಲಿಲ್ಲ. ಅವರೆಕಾಯಿ ಬಿಡಿಸುತ್ತಿದ್ದ ತಾಯಿ ತಲೆ ಎತ್ತಿ ಕೇಳಿದರು:

"ಆ ಯಮ್ಮನೂ ಕಾಡಿಗೆ ಹೋದ್ಲಾ ಸ್ವಾಮಿ?"

ಇಲ್ಲ ಎಂದೆ. ಪ್ರಿಸಿಲ್ಲಾಗೆ ಹೃದಯದ ಕಾಯಿಲೆ. ಹಾಗಾಗಿ ಇಂಗ್ಲೆಂಡಿನಲ್ಲೇ ಉಳಿದು, ಗಂಡನ ಕೆಲಸಕ್ಕೆ ಬೇಕಾದ ಹಣ, ಜನ ಒದಗಿಸುತ್ತಿದ್ದರು. 1916ರ ನಂತರ ಒಂದೇ ಒಂದು ಸಲ, 1928ರಲ್ಲಿ, ಕಾಂಗೋಗೆ ಹೋಗಿ ಗಂಡನನ್ನು ಕಂಡರು. ಸುಮಾರು ಎರಡು ವಾರ. ಮರುವರ್ಷ ಆಕೆ ತೀರಿಕೊಂಡರು.

"ಇವ್ರು ಶುಂಠಿ ಕೆಲ್ಸಕ್ಕೆ ಅಂತ ವಯನಾಡಿಗೆ ಹೋಗಿ ಎರಡು ತಿಂಗ್ಳು ಬರ್ದೇ ಇದ್ರೆ ನನ್ ಕೈಲಾಗದಿಲ್ಲ. ಹನ್ನೆರಡು ವರ್ಷ ಎಂಗಿದ್ದಾಳು ಆ ಯಮ್ಮ? ಅವಳನ್ನ ಯಾರಾದ್ರೂ ಕೇಳಿದ್ರಾ?"

ಗುರುಮಠದಲ್ಲಿ ಮೂರು ವರ್ಷ ತತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ ಓದಿದ ನನ್ನ ಬಳಿ ಉತ್ತರ ಇರಲಿಲ್ಲ. ಕಾಫಿ ಕುಡಿದು ಎದ್ದು ಬಂದೆ.

ಕೇಳಿದ್ದರು ಎಂದು ಹೇಳಬಹುದಿತ್ತು. ಪ್ರಿಸಿಲ್ಲಾ ಕೂಡ ಅದೇ ಕೆಲಸಕ್ಕೆ ತನ್ನನ್ನು ಒಪ್ಪಿಸಿಕೊಂಡವರು. ಉಳಿದ ಹಣವನ್ನೂ ಕೊಡಿಸಿದವರು ಆಕೆಯೇ. ಆದರೂ ಆ ತಾಯಿಯ ಪ್ರಶ್ನೆ ಬೈಕಿನ ಹಿಂದೆ ಕೂತು ಗುಂಡ್ಲುಪೇಟೆಯವರೆಗೂ ಬಂತು. ಏಕೆಂದರೆ ಸ್ಟಡ್ ಅವರ ಕೊನೆಯ ವರ್ಷಗಳ ಇನ್ನೊಂದು ಮುಖವನ್ನು ನಾನು ಆ ಮನೆಯಲ್ಲಿ ಹೇಳಿರಲಿಲ್ಲ. ತಾವು ದುಡಿದಂತೆ ಹಗಲು ರಾತ್ರಿ ದುಡಿಯದವರನ್ನು ಅವರು ಸಹಿಸುತ್ತಿರಲಿಲ್ಲ. ಜೊತೆಗಾರರು ಬಿಟ್ಟುಹೋದರು. ಮೊದಲ ದಿನದಿಂದ ಕಾಡಿನಲ್ಲಿ ಜೊತೆಗಿದ್ದ ಆಲ್‌ಫ್ರೆಡ್ ಬಕ್ಸ್‌ಟನ್, ಮಗಳ ಗಂಡ, ಅವರೊಡನೆಯೂ ಸಂಬಂಧ ಮುರಿದುಬಿತ್ತು. ತನ್ನದನ್ನೆಲ್ಲ ಕೊಟ್ಟವನಿಗೆ, ಇತರರೂ ಅಷ್ಟನ್ನೇ ಕೊಡಬೇಕೆಂದು ಕೇಳುವ ಹಕ್ಕು ತನಗಿದೆ ಎನಿಸಿಬಿಡುತ್ತದೆ. ಇದು ತ್ಯಾಗಿಗಳಿಗೆ ಬರುವ ಶೋಧನೆ. ನನ್ನಂಥ ಸಾಮಾನ್ಯ ಗುರುವಿಗೂ ಸಣ್ಣ ಅಳತೆಯಲ್ಲಿ ಬರುತ್ತದೆ. ತಪಸ್ಸುಕಾಲದ ಆ ಪ್ರಬೋಧನೆಯಲ್ಲಿ ಬಂದದ್ದು ಅದೇ.

ಸಂತ ಮಾರ್ಕರ ಶುಭಸಂದೇಶದ ಏಳನೆಯ ಅಧ್ಯಾಯ ತೆಗೆದು ನೋಡಿ. ತಂದೆತಾಯಿಗೆ ಸಲ್ಲಬೇಕಾದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಅರ್ಪಿತ ಎಂದು ಹೇಳಿ ಅವರ ಕೈಬಿಡುತ್ತಿದ್ದವರನ್ನು ಯೇಸುಸ್ವಾಮಿ ಅಲ್ಲಿ ಎಷ್ಟು ಖಾರವಾಗಿ ಗದರಿಸುತ್ತಾರೆ! ಬಲಿಪೀಠದ ಮೇಲೆ ನಾನು ನನ್ನದನ್ನು ಇಡಬಹುದು. ಹೆಂಡತಿಯದನ್ನು, ಮಗನದನ್ನು ಅವರ ಪರವಾಗಿ ನಾನು ಎತ್ತಿಟ್ಟರೆ ಅದು ಕಾಣಿಕೆಯೇ? ಅಬ್ರಹಾಮನ ಕಥೆಯಲ್ಲಿ ಕೂಡ ಕೊನೆಗೆ ದೇವರು ಮಗನನ್ನು ಕೆಳಗಿಳಿಸಿದರು. ಸ್ಟಡ್ ತಮ್ಮ ಬ್ಯಾಟನ್ನು ತಾವೇ ಕೆಳಗಿಟ್ಟರು. ಹಂಗಳದ ಆ ಬ್ಯಾಟನ್ನು ಅಟ್ಟಕ್ಕೆ ಎಸೆದದ್ದು ಹುಡುಗನಲ್ಲ, ಅವನಪ್ಪ. ಅವನಪ್ಪನ ಕೈಯಲ್ಲಿ ಎಸೆಸಿದವನು ನಾನು.

ಇನ್ನು ಆಟವೆಂಬುದೇ ದೇವರಿಂದ ದೂರ ಒಯ್ಯುವ ವಸ್ತುವೇ? ನಮ್ಮ ಧರ್ಮಸಭೆ ಹಾಗೆ ಕಲಿಸಿಲ್ಲ. ಸಂತ ಥಾಮಸ್ ಅಕ್ವಿನಾಸರು ಆಟ ವಿನೋದಗಳ ಬಗ್ಗೆ ಬರೆಯುವಾಗ ಹಳೆಯದೊಂದು ಪ್ರಸಂಗ ನೆನೆಯುತ್ತಾರೆ. ಸಂತ ಯೋವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಅವರಲ್ಲೊಬ್ಬನ ಕೈಯಲ್ಲಿ ಬಿಲ್ಲು ಇತ್ತು. ಬಾಣ ಬಿಡು ಎಂದರು ಯೋವಾನ್ನರು, ಬಿಟ್ಟ. ಇನ್ನೊಂದು ಎಂದರು, ಬಿಟ್ಟ. ಹೀಗೇ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದಾಗ, ಬಿಲ್ಲು ಮುರಿದೀತು ಎಂದ. ಮನಸ್ಸೂ ಹಾಗೆಯೇ ಎಂದರು ಸಂತರು. ಆಟಕ್ಕೆ ಅಳತೆ ಬೇಕು ಎಂದ ಅಕ್ವಿನಾಸರೇ, ತಾನೂ ನಲಿಯದೆ ಇತರರ ನಲಿವಿಗೂ ಕಲ್ಲು ಹಾಕುವುದು ದೋಷವೆಂದೂ ಬರೆದಿದ್ದಾರೆ. ಅದನ್ನು ಪರೀಕ್ಷೆಗೆ ಓದಿ ಅಂಕ ಪಡೆದವನು ನಾನೇ! ಗುರುಮಠದ ಅಂಗಳದಲ್ಲಿ ಸಂಜೆ ಒಂದು ಗಂಟೆ ಆಫ್ ಸ್ಪಿನ್ ಹಾಕುತ್ತಿದ್ದವನೂ ನಾನೇ. ಸಂತ ದ್ವಿತೀಯ ಜಾನ್ ಪಾಲರು ಬಾಲ್ಯದಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದರೆಂಬುದನ್ನು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ.

ಮುಂದಿನ ತಿಂಗಳು ಆ ಮನೆಗೆ ಮತ್ತೆ ಹೋದೆ. ಈ ಸಲ ಇನ್ನೊಬ್ಬರ ವಿಷಯ ಹೇಳಿದೆ: ಡೇವಿಡ್ ಶೆಪರ್ಡ್. ಇವರು ಆಂಗ್ಲಿಕನ್ ಸಭೆಯಲ್ಲಿ ದೀಕ್ಷೆ ಪಡೆದ ಗುರು, ಮುಂದೆ ಧರ್ಮಾಧ್ಯಕ್ಷರು. 1952ರಲ್ಲಿ ಓವಲ್ ಮೈದಾನದಲ್ಲಿ ನಮ್ಮ ಭಾರತದ ವಿರುದ್ಧವೇ 119 ರನ್ ಹೊಡೆದವರು. 1954ರಲ್ಲಿ ಪಾಕಿಸ್ತಾನದ ವಿರುದ್ಧ ಎರಡು ಟೆಸ್ಟುಗಳಲ್ಲಿ ಇಂಗ್ಲೆಂಡಿಗೆ ನಾಯಕ. 1955ರಲ್ಲಿ ದೀಕ್ಷೆ. ಮರುವರ್ಷ ಲಂಡನ್ನಿನ ಇಸ್ಲಿಂಗ್ಟನ್ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದಾಗ ಆಸ್ಟ್ರೇಲಿಯದ ವಿರುದ್ಧ ಆಡಲು ಕರೆ ಬಂತು. ಓಲ್ಡ್ ಟ್ರಾಫರ್ಡಿನಲ್ಲಿ 113 ರನ್. ಟೆಸ್ಟ್ ಆಡಿದ ಮೊದಲ ದೀಕ್ಷಿತ ಗುರು ಎಂದು ದಾಖಲೆಯಾಯಿತು. ಆದರೂ ಆ ಪಂದ್ಯವನ್ನು ಜನ ನೆನೆಯುವುದು ಜಿಮ್ ಲೇಕರ್ ಪಡೆದ 19 ವಿಕೆಟ್‌ಗಳಿಗಾಗಿ. ಪಾಪ, ಗುರುಗಳ ಶತಕ ಮರೆಯಲ್ಲಿ ಉಳಿಯಿತು. ಆಮೇಲೆ ಲಂಡನ್ನಿನ ಪೂರ್ವ ಭಾಗದ ಹಡಗುಕಟ್ಟೆಯ ಬಡಾವಣೆಯಲ್ಲಿ, ಕೂಲಿಕಾರರ ನಡುವೆ, ಹನ್ನೆರಡು ವರ್ಷ ಸೇವೆ. ಅದರ ಮಧ್ಯೆ ರಜೆ ಪಡೆದು 1962-63ರಲ್ಲಿ ಆಸ್ಟ್ರೇಲಿಯಕ್ಕೆ ಹೋದರು. ಭಾನುವಾರಗಳಲ್ಲಿ ಚರ್ಚುಗಳಲ್ಲಿ ಬೋಧನೆ, ವಾರದ ದಿನಗಳಲ್ಲಿ ಆಟ. ಕೈಗೆ ಬಂದ ಕ್ಯಾಚುಗಳನ್ನು ಬಿಟ್ಟು ನಗೆಪಾಟಲಾದದ್ದೂ ಉಂಟು. ಜೋಡಿಸುವುದೇ ಕಸುಬಾದ ಕೈಗಳು ಚೆಂಡು ಬಂದಾಗ ಮಾತ್ರ ಜೋಡುವುದಿಲ್ಲವೇ ಎಂದು ತಂಡದವರೇ ಹಾಸ್ಯ ಮಾಡುತ್ತಿದ್ದರು. ಮೆಲ್ಬರ್ನಿನಲ್ಲಿ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಎರಡನೆಯದರಲ್ಲಿ ಮತ್ತೆ 113, ಇಂಗ್ಲೆಂಡಿಗೆ ಗೆಲುವು.

"ಸೊನ್ನೆ ಹೊಡ್ದು ಆಮೇಲೆ ನೂರಾ ಹದಿಮೂರಾ ಫಾದರ್?" ಎಂದ ಹುಡುಗ. ಐದು ತಿಂಗಳಲ್ಲಿ ಅವನು ನನ್ನೊಡನೆ ಆಡಿದ ಮೊದಲ ಮಾತು.

ಆದರೆ ನನಗೆ ಶತಕಗಳಿಗಿಂತ ದೊಡ್ಡದಾಗಿ ಕಾಣುವುದು ಅವರು ಆಡದೆ ಬಿಟ್ಟ ಪಂದ್ಯಗಳು. 1960ರಲ್ಲಿ ದಕ್ಷಿಣ ಆಫ್ರಿಕದ ತಂಡ ಇಂಗ್ಲೆಂಡಿಗೆ ಬಂತು. ಕರಿಯರಿಗೆ ಜಾಗವೇ ಇಲ್ಲದ, ಬಿಳಿಯರನ್ನು ಮಾತ್ರ ಆರಿಸಿದ ತಂಡ. ಆ ತಂಡದೆದುರು ನಾನು ಆಡುವುದಿಲ್ಲ ಎಂದು ಶೆಪರ್ಡ್ ಬಹಿರಂಗವಾಗಿ ಹೇಳಿದರು. 1968ರಲ್ಲಿ ಕೇಪ್‌ಟೌನಿನಲ್ಲಿ ಹುಟ್ಟಿ, ಮೈಬಣ್ಣದ ಕಾರಣ ಅಲ್ಲಿ ಅವಕಾಶವಿಲ್ಲದೆ ಇಂಗ್ಲೆಂಡಿಗೆ ಬಂದು ಆಡುತ್ತಿದ್ದ ಬೇಸಿಲ್ ಡಿ ಒಲಿವೇರಾ ಅವರನ್ನು ದಕ್ಷಿಣ ಆಫ್ರಿಕ ಪ್ರವಾಸದ ತಂಡದಿಂದ ಮೊದಲಿಗೆ ಕೈಬಿಟ್ಟರು. ಆಗ ಎಂ.ಸಿ.ಸಿ. ಎಂಬ ದೊಡ್ಡ ದೊಡ್ಡವರ ಕ್ಲಬ್ಬಿನ ವಿಶೇಷ ಸಭೆಯಲ್ಲಿ ಎದ್ದು ನಿಂತು ಖಂಡನಾ ನಿರ್ಣಯ ಮಂಡಿಸಿದವರು ಶೆಪರ್ಡ್. ಮತಕ್ಕೆ ಹಾಕಿದಾಗ ಸೋತರು. ಹಳೆಯ ಗೆಳೆಯರು ದೂರವಾದರು. ಬ್ಯಾಟನ್ನು ಕೈಬಿಡದಿದ್ದ ಕಾರಣಕ್ಕೇ ಅಲ್ಲವೇ, ಅದನ್ನು ಬೇಕಾದಾಗ ಕೆಳಗಿಟ್ಟು ಅನ್ಯಾಯಕ್ಕೆ ಸಾಕ್ಷಿ ಹೇಳಲು ಅವರಿಗೆ ಸಾಧ್ಯವಾದದ್ದು? ಆಟ ಗೊತ್ತಿಲ್ಲದ ಗುರುವೊಬ್ಬ ಆಡುವುದಿಲ್ಲ ಎಂದಿದ್ದರೆ ಯಾರು ಕೇಳುತ್ತಿದ್ದರು?

1975ರಲ್ಲಿ ಅವರು ಲಿವರ್‌ಪೂಲಿನ ಧರ್ಮಾಧ್ಯಕ್ಷರಾದರು. ಸ್ಟಡ್ ಜಾಹೀರಾತು ಕಂಡ ಅದೇ ಊರು. ಕಥೋಲಿಕರಿಗೂ ಪ್ರೊಟೆಸ್ಟೆಂಟರಿಗೂ ತಲೆತಲಾಂತರದ ಜಗಳವಿದ್ದ ಊರು. ಮರುವರ್ಷ ನಮ್ಮ ಧರ್ಮಸಭೆಯ ಡೆರೆಕ್ ವರ್ಲಾಕ್ ಅಲ್ಲಿಗೆ ಮಹಾಧರ್ಮಾಧ್ಯಕ್ಷರಾಗಿ ಬಂದರು. ಮುಂದಿನ ಇಪ್ಪತ್ತು ವರ್ಷ ಇಬ್ಬರೂ ಕೆಲಸವಿಲ್ಲದ ಯುವಕರಿಗಾಗಿ, ಬಡವರಿಗಾಗಿ ಜೊತೆ ಜೊತೆಯಾಗಿ ಓಡಾಡಿದರು. 1982ರಲ್ಲಿ ದ್ವಿತೀಯ ಜಾನ್ ಪಾಲರು ಲಿವರ್‌ಪೂಲಿಗೆ ಬಂದಾಗ ಎರಡೂ ಪ್ರಧಾನಾಲಯಗಳಿಗೆ ಹೋದರು. ಅವೆರಡನ್ನೂ ಕೂಡಿಸುವ ಬೀದಿಯ ಹೆಸರು ಮೊದಲಿನಿಂದಲೂ ಹೋಪ್ ಸ್ಟ್ರೀಟ್, ಭರವಸೆಯ ಬೀದಿ. ವರ್ಲಾಕ್ 1996ರಲ್ಲಿ, ಶೆಪರ್ಡ್ 2005ರಲ್ಲಿ ದೈವಾಧೀನರಾದರು. ಆ ಬೀದಿಯಲ್ಲಿ 2008ರಿಂದ ಇಬ್ಬರ ಸ್ಮಾರಕ ಒಟ್ಟಿಗೇ ನಿಂತಿದೆ.

ಈ ಇಬ್ಬರಲ್ಲಿ ಯಾರು ಹೆಚ್ಚು ಎಂದು ಹುಡುಗ ಕೇಳಿದ. ನಾನು ತೂಗಲು ಹೋಗಲಿಲ್ಲ. ತಲೆಂತುಗಳ ಸಾಮತಿಯಲ್ಲಿ ಯಜಮಾನ ಸಿಟ್ಟಾದದ್ದು ಹೂತಿಟ್ಟವನ ಮೇಲೆ. ಸ್ಟಡ್ ಹೂತಿಡಲಿಲ್ಲ, ಇನ್ನೊಂದಕ್ಕಾಗಿ ಕೊಟ್ಟುಬಿಟ್ಟರು. ಶೆಪರ್ಡ್ ಅದರಲ್ಲೇ ವ್ಯಾಪಾರ ಮಾಡಿದರು. ಹೂತಿಟ್ಟದ್ದು ಯಾರೆಂದರೆ, ಇದೋ ಈ ಮನೆಯ ಅಟ್ಟದ ಮೇಲೆ ಎಂದು ನಾನು ಮೇಲೆ ನೋಡಿದೆ. ತಂದೆ ತಲೆ ತಗ್ಗಿಸಿದರು. ಆಗ ನಾನೇ, "ತಪ್ಪು ನಿಮ್ಮದಲ್ಲ ಯಜಮಾನರೇ, ನನ್ನದು. ಆವತ್ತು ಪಡಸಾಲೆಯಲ್ಲಿ ಹಾಗೆ ಮಾತಾಡಬಾರದಿತ್ತು. ನೀನೂ ಕ್ಷಮಿಸಪ್ಪ" ಎಂದೆ. ಹುಡುಗನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ತಾಯಿ ಎದ್ದು ಒಳಗೆ ಹೋದರು.

ಕ್ಷಮೆ ಕೇಳಿದ ಮಾತ್ರಕ್ಕೆ ಭಾನುವಾರದ ಬಲಿಪೂಜೆ ಬಿಡಬಹುದೆಂದಲ್ಲ. ಅದನ್ನೂ ಅಲ್ಲೇ ಹೇಳಿದೆ. ಬಲಿಪೂಜೆಗೆ ಒಂಬತ್ತು ಗಂಟೆ ಯಾಕೆ ಫಾದರ್, ಪಂದ್ಯ ಶುರುವಾಗುವುದೂ ಅದೇ ಹೊತ್ತಿಗೆ ಎಂದ ಅವನು. ನಿಜ ಹೇಳಬೇಕೆಂದರೆ ಒಂಬತ್ತು ಗಂಟೆ ಇಟ್ಟದ್ದು ನನ್ನ ಅನುಕೂಲಕ್ಕೆ, ಚಳಿಯಲ್ಲಿ ಬೇಗ ಏಳಬೇಕಲ್ಲ ಎಂದು. ಕುಟುಂಬಗಳ ಹಿರಿಯರನ್ನು ಕೂರಿಸಿ ಕೇಳಿದೆವು. ಏಳು ಗಂಟೆಯಾದರೆ ಹೂ ಬಿಡಿಸಲು ಹೋಗುವ ಹೆಂಗಸರಿಗೂ ಅನುಕೂಲ ಎಂದರು. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮೊದಲ ಏಳು ಗಂಟೆಯ ಬಲಿಪೂಜೆಗೆ ಮಂಜು ಇನ್ನೂ ಬೆಟ್ಟದಿಂದ ಇಳಿದಿರಲಿಲ್ಲ. ಹುಡುಗ ಮೊದಲನೆಯ ವಾಚನ ಓದಿದ, ಸ್ವಲ್ಪ ಅವಸರವಾಗಿಯೇ. ಅಂತಿಮ ಆಶೀರ್ವಾದ ಮುಗಿಸಿ ಹೊರಗೆ ಬಂದಾಗ ಅವನ ತಂದೆ ಜಗಲಿಯ ಮೇಲೆ ಕೂತು ಬ್ಯಾಟಿನ ಹಿಡಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತುತ್ತಿದ್ದರು. ಅಟ್ಟದ ಮೇಲೆ ಇಲಿ ಹಳೆಯ ರಬ್ಬರನ್ನು ಕಡಿದುಹಾಕಿತ್ತಂತೆ. ಗಟ್ಟಿಯಾಗಿ ಎಳೆದು ಗಂಟು ಹಾಕಿ ಮಗನ ಕೈಗೆ ಕೊಟ್ಟರು. ಹುಡುಗ ಓಡಿದ.

ಎರಡನೆಯ ಚೆಂಡಿಗೇ ಔಟಾಗಿ, ಹತ್ತೂವರೆಗೆ ಅಪ್ಪನ ಜೊತೆ ಹೂ ಬಿಡಿಸಲು ಹೊಲದಲ್ಲಿದ್ದ ಎಂದು ಅವನ ತಾಯಿ ಆಮೇಲೆ ಹೇಳಿದರು.